ಪಿಕಪ್‌ಗೆ ದೊಡ್ಡ ಟೈರು, ಆದರೆ ಹಗುರವಾಗಿರಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಸಕಲೇಶಪುರದ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಅಲ್ಲಿಗೆ ಹೋಗಿಬರಲು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್. ಈ ಗಾಡಿಗೆ ಈಗಿರುವುದು ಮೂರನೇ ಸೆಟ್ ಟೈರು. ಮೊದಲನೆಯದು ಕಂಪನಿ ಕೊಟ್ಟಿದ್ದು, ಎರಡನೆಯದು ನಾನು ದುಡ್ಡು ಕೊಟ್ಟು ಮಾಡಿಕೊಂಡ ತಪ್ಪು, ಮೂರನೆಯದು ಸರಿಹೋಯಿತು. ಆಮೇಲೆ ಪೆಟ್ರೋಲ್ ಬಂಕಿನಲ್ಲಿ, ಮದುವೆ ಮನೆಯಲ್ಲಿ, ಫೋನಿನಲ್ಲಿ ಕೇಳಿದವರು ಎಷ್ಟೋ ಜನ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಲೆಕ್ಕಗಳೆಲ್ಲ ವಿ-ಕ್ರಾಸ್ ಮತ್ತು ಟೊಯೊಟಾ ಹೈಲಕ್ಸ್‌ನವು. ನಮ್ಮ ಕಡೆ ಹೆಚ್ಚಾಗಿ ಓಡಾಡುವ ನಾಲ್ಕು ಚಕ್ರ ಎಳೆಯುವ ಪಿಕಪ್‌ಗಳು ಇವೆರಡೇ.

## ಮೊದಲು ಗೊತ್ತಿರಬೇಕಾದ್ದು

ಕಂಪನಿ ಟೈರೇ ಚೆನ್ನಾಗಿದೆಯಲ್ಲ, ಯಾಕೆ ಬದಲಾಯಿಸಬೇಕು?

ಟಾರ್ ರಸ್ತೆಯಲ್ಲೇ ಓಡಾಡುವವರಾದರೆ ಬದಲಾಯಿಸಬೇಡಿ. ನಿಜವಾಗಿ ಹೇಳುತ್ತಿದ್ದೇನೆ. ಕಂಪನಿ ಟೈರು ಹಗುರ, ಸದ್ದಿಲ್ಲ, ಮೈಲೇಜು ಚೆನ್ನಾಗಿ ಕೊಡುತ್ತದೆ.

ತೊಂದರೆ ಶುರುವಾಗುವುದು ಜೂನ್ ಬಂದ ಮೇಲೆ. ತೋಟದ ದಾರಿಯ ಕೆಂಪು ಮಣ್ಣು ಬೆಣ್ಣೆಯ ಹಾಗೆ ಆಗುತ್ತದೆ. ರಸ್ತೆ ಟೈರಿನ ಸಣ್ಣ ಗೀರುಗಳಲ್ಲಿ ಆ ಮಣ್ಣು ತುಂಬಿಕೊಂಡರೆ ಎರಡೇ ಸುತ್ತಿಗೆ ಟೈರು ನುಣ್ಣಗಿನ ಉರುಳೆ. ಆಮೇಲೆ ಏರಿನಲ್ಲಿ ನಾಲ್ಕೂ ಚಕ್ರ ತಿರುಗುತ್ತವೆ, ಗಾಡಿ ಮಾತ್ರ ಅಲ್ಲೇ. ಇನ್ನೊಂದು ತೊಂದರೆ ಎತ್ತರದ್ದು. ದಾರಿಯ ಎರಡು ಸಾಲು ಆಳವಾದಾಗ ನಡುವಿನ ದಿಬ್ಬ ಗಾಡಿಯ ಹೊಟ್ಟೆಗೆ ತಾಗುತ್ತದೆ. ಈ ಎರಡರಲ್ಲಿ ಒಂದಾದರೂ ನಿಮ್ಮ ಕಷ್ಟವಾಗಿದ್ದರೆ ಮುಂದೆ ಓದಿ.

ಟೈರಿನ ಪಕ್ಕದಲ್ಲಿ 265/70 ಆರ್17 ಅಂತ ಇದೆ. ಹಾಗಂದ್ರೆ ಏನು?

265 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 70 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 70. 17 ಅಂದರೆ ರಿಮ್ಮಿನ ಅಳತೆ, ಇಂಚಿನಲ್ಲಿ. ಇದನ್ನು ಬಿಡಿಸಿದರೆ ಪಕ್ಕದ ಗೋಡೆ 185.5 ಮಿ.ಮೀ. ಅದು ಮೇಲೊಂದು ಕೆಳಗೊಂದು, ಒಟ್ಟು 371. ರಿಮ್ಮು 431.8. ಎಲ್ಲ ಕೂಡಿದರೆ ಟೈರಿನ ಪೂರ್ತಿ ಎತ್ತರ ಸುಮಾರು 803 ಮಿ.ಮೀ., ಅಂದರೆ 31.6 ಇಂಚು. ಅಂಗಡಿಗೆ ಹೋಗುವ ಮೊದಲು ಈ ಲೆಕ್ಕ ಒಂದನ್ನು ಕಲಿತುಬಿಡಿ. ಆಮೇಲೆ ಯಾರೂ ನಿಮಗೆ ಸುಳ್ಳು ಹೇಳಲಾರರು.

ಎಚ್/ಟಿ, ಎ/ಟಿ, ಎಂ/ಟಿ ಅಂತ ಮೂರು ಹೇಳ್ತಾರೆ. ನಂಗೆ ಯಾವುದು?

ಎಚ್/ಟಿ ಹೆದ್ದಾರಿಗೆ, ಎ/ಟಿ ಎಲ್ಲದಕ್ಕೂ, ಎಂ/ಟಿ ಕೆಸರಿಗೆ. ಹತ್ತರಲ್ಲಿ ಒಂಬತ್ತು ಜನಕ್ಕೆ ಎ/ಟಿ ಸಾಕು.

ಎಂ/ಟಿ ನೋಡಲು ಬಲು ಚೆಂದ. ಅದರ ದಪ್ಪ ದಪ್ಪ ಗುಬಟುಗಳನ್ನು ಕಂಡರೆ ನನಗೂ ಆಸೆಯಾಗುತ್ತದೆ. ಆದರೆ ಟಾರಿಗೆ ತಾಗುವ ರಬ್ಬರು ಕಡಿಮೆ, ಗುಬಟಿನ ಮೇಲೆ ಸಣ್ಣ ಸೀಳುಗಳೂ ಕಡಿಮೆ. ಹಾಗಾಗಿ ಒದ್ದೆ ಟಾರ್ ರಸ್ತೆಯಲ್ಲಿ ಬ್ರೇಕು ಹಿಡಿದರೆ ಗಾಡಿ ಬೇಗ ನಿಲ್ಲುವುದಿಲ್ಲ. ಮಲೆನಾಡಿನಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಟಾರ್ ರಸ್ತೆ ಒದ್ದೆಯಾಗಿಯೇ ಇರುತ್ತದೆ. ತೋಟದ ಕೊನೆಯ ಒಂದು ಕಿಲೋಮೀಟರಿಗಾಗಿ ಇಡೀ ಘಾಟಿಯಲ್ಲಿ ಹಿಡಿತ ಕಳೆದುಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ಎಂ/ಟಿ ತೂಕವೂ ಜಾಸ್ತಿ, ಸದ್ದೂ ಜಾಸ್ತಿ.

ದೊಡ್ಡ ಟೈರು ಹಾಕಿದ್ರೆ ಗಾಡಿ ಎಷ್ಟು ಎತ್ತರ ಆಗತ್ತೆ?

ಟೈರು ಬೆಳೆದದ್ದರಲ್ಲಿ ಅರ್ಧ. 763 ಮಿ.ಮೀ. ಟೈರು ತೆಗೆದು 803ರದ್ದು ಹಾಕಿದರೆ ಗಾಡಿ ಏರುವುದು 20 ಮಿ.ಮೀ. ಅಷ್ಟೇನಾ ಅನ್ನಿಸಬಹುದು. ಆದರೆ ಹಿಂದಿನ ಆಕ್ಸಲಿನ ನಡುವೆ ಗೇರುಗಳಿರುವ ಗುಂಡನ್ನು, ಅಂದರೆ ಡಿಫರೆನ್ಶಿಯಲ್ಲನ್ನು, ಎತ್ತುವುದು ಟೈರು ಮಾತ್ರ. ಲಿಫ್ಟ್ ಕಿಟ್ ಹಾಕಿದರೆ ಬಾಡಿ ಏರುತ್ತದೆ, ಹಿಂದಿನ ಆ ಗುಂಡು ಇದ್ದಲ್ಲೇ ಇರುತ್ತದೆ. ಕಲ್ಲು ಮೊದಲು ತಾಗುವುದೂ ಅದಕ್ಕೇ.

## ಅಳತೆ

ಲಿಫ್ಟ್ ಮಾಡಿಸದೆ ಎಷ್ಟು ದೊಡ್ಡ ಟೈರು ಹಾಕಬಹುದು?

ಮೊದಲು ಚಾಲಕನ ಬಾಗಿಲ ಕಂಬದಲ್ಲಿರುವ ಸ್ಟಿಕರ್ ನೋಡಿ, ನಿಮ್ಮ ಗಾಡಿಯ ಅಳತೆ ಬರೆದುಕೊಳ್ಳಿ. 2016ರಲ್ಲಿ ಬಂದ ವಿ-ಕ್ರಾಸ್‌ನಲ್ಲಿ 255/65 ಆರ್17 ಇತ್ತು, ಆಮೇಲಿನವುಗಳಲ್ಲಿ 255/60 ಆರ್18. ಎರಡರ ಎತ್ತರವೂ ಒಂದೇ, 763 ಮಿ.ಮೀ. 2022ರಲ್ಲಿ ಬಂದ ಹೈಲಕ್ಸ್‌ಗೆ 265/65 ಆರ್17 ಅಥವಾ 265/60 ಆರ್18, ಎತ್ತರ ಸುಮಾರು 776.

ಎತ್ತರದ ವ್ಯತ್ಯಾಸ ಶೇ. 3ರ ಒಳಗಿರಲಿ ಎನ್ನುವುದು ಟೈರಿನವರ ಹಳೇ ಲೆಕ್ಕ. ಅದರ ಪ್ರಕಾರ ವಿ-ಕ್ರಾಸ್‌ಗೆ 265/65 ಆರ್17 ಹಾಕಿದರೆ ಶೇ. 1.7 ಅಷ್ಟೇ. ಯಾವ ರಗಳೆಯೂ ಇಲ್ಲ. ಅದೇ 265/70 ಆರ್17 ಆದರೆ ವಿ-ಕ್ರಾಸ್‌ಗೆ ಶೇ. 5ಕ್ಕಿಂತ ಸ್ವಲ್ಪ ಜಾಸ್ತಿ, ಹೈಲಕ್ಸ್‌ಗೆ ಶೇ. 3.4.

ಈ 265/70 ಆರ್17 ಬಗ್ಗೆಯೇ ಎಲ್ಲರೂ ಕೇಳುವುದು. ನನ್ನ ಗಾಡಿಯಲ್ಲಿ ಈಗಿರುವುದೂ ಅದೇ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರ ತನ್ನ ಹಿಂಬದಿಯ ಮಡ್‌ಫ್ಲಾಪಿಗೆ ಸ್ವಲ್ಪ ಉಜ್ಜುತ್ತಿತ್ತು. ಒಳಗಿನ ಪ್ಲಾಸ್ಟಿಕ್ಕನ್ನು ಎರಡು ಬೆರಳಗಲ ಕತ್ತರಿಸಿದ ಮೇಲೆ ಸರಿಯಾಯಿತು. ನಿಮ್ಮ ಗಾಡಿಯಲ್ಲಿ ಉಜ್ಜದೆಯೂ ಇರಬಹುದು, ರಿಮ್ಮು ಬೇರೆಯಾದರೆ ಜಾಸ್ತಿಯೇ ಉಜ್ಜಬಹುದು. ಅದಕ್ಕೆ ಒಂದು ಟೈರನ್ನು ಮಾತ್ರ ಹಾಕಿಸಿ. ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ಎಳೆಯಿರಿ. ಆಮೇಲೆ ಆ ಚಕ್ರವನ್ನು ಒಂದು ಕಲ್ಲಿನ ಮೇಲೆ ಹತ್ತಿಸಿ ಇನ್ನೊಮ್ಮೆ ಎಳೆಯಿರಿ. ಆಗಲೂ ಉಜ್ಜದಿದ್ದರೆ ಉಳಿದ ಟೈರುಗಳಿಗೆ ದುಡ್ಡು ಕೊಡಿ.

ಅಗಲ ಇದ್ದಷ್ಟೂ ಹಿಡಿತ ಜಾಸ್ತಿ ಅಲ್ವಾ?

ಮರಳಿನಲ್ಲಿ ಹೌದು. ನಮ್ಮ ಕೆಸರಿನಲ್ಲಿ ಬಹಳ ಸಲ ಉಲ್ಟಾ.

ಹಳೇ ವಿಲ್ಲೀಸ್ ಜೀಪು ನೋಡಿದ್ದೀರಾ? ಅದಕ್ಕಿದ್ದದ್ದು 6.00-16 ಟೈರು. ಅಗಲ ಬರೀ ಆರು ಇಂಚು, ಈಗಿನ ಲೆಕ್ಕದಲ್ಲಿ 152 ಮಿ.ಮೀ. ಕೊಡಗು, ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಆ ಜೀಪುಗಳು ದಶಕಗಟ್ಟಲೆ ಏರು ಹತ್ತಿವೆ. ಸಣಕಲು ಟೈರು ಮೇಲಿನ ಜಾರು ಪದರವನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಅಗಲದ ಟೈರು ಆ ಪದರದ ಮೇಲೆ ತೇಲುತ್ತದೆ. ಕೆಳಗೆ ಗಟ್ಟಿ ನೆಲವಿದ್ದರೆ ತೇಲುವುದರಿಂದ ನಷ್ಟವೇ. ಕೆಳಗೆ ತಳವೇ ಇಲ್ಲದ ಗದ್ದೆ ಕೆಸರಾದರೆ ಮಾತ್ರ ಅಗಲದ್ದು ಮೇಲು. ಆದರೆ ಗದ್ದೆಗೆ ಪಿಕಪ್ ಇಳಿಸುವವರಿಗೆ ಬೇಕಾಗಿರುವುದು ಟೈರಲ್ಲ, ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಪಕ್ಕದ ಮನೆಯವರು.

ತೂಕ ಕಡಿಮೆ ಮಾಡಬೇಕೆಂದರೂ ದಾರಿ ಇದೇ. ಎತ್ತರ ಬೇಕು, ಭಾರ ಬೇಡ ಅನ್ನುವವರು ಅಗಲವನ್ನು ಬಿಡಬೇಕು. 255/75 ಆರ್17 ಅಳತೆಯ ಎತ್ತರ 814 ಮಿ.ಮೀ., ಅಂದರೆ 32 ಇಂಚು. 285/70 ಆರ್17 ಅದಕ್ಕಿಂತ 17 ಮಿ.ಮೀ. ಮಾತ್ರ ಎತ್ತರ, ಅಗಲ ಮಾತ್ರ 30 ಮಿ.ಮೀ. ಜಾಸ್ತಿ. ಆ ಅಗಲದಲ್ಲೇ ರಬ್ಬರು, ತಂತಿ, ತೂಕ ಎಲ್ಲ ಸೇರಿಕೊಳ್ಳುತ್ತದೆ. ಬೇಸರವೆಂದರೆ ಇಂಥ ಸಣಕಲು ಅಳತೆಗಳು ನಮ್ಮ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕರೆ ಬಿಡಬೇಡಿ.

ನನ್ನದು 18 ಇಂಚಿನ ರಿಮ್ಮು. 17ಕ್ಕೆ ಇಳೀಬೇಕಾ?

ಕೈಯಲ್ಲಿ ದುಡ್ಡಿದ್ದರೆ ಇಳಿಯಿರಿ. ಟೈರಿನ ಎತ್ತರ ಅಷ್ಟೇ ಇದ್ದು ರಿಮ್ಮು ಚಿಕ್ಕದಾದರೆ ಪಕ್ಕದ ಗೋಡೆ ಎತ್ತರವಾಗುತ್ತದೆ. ಗಾಳಿ ಇಳಿಸಿದಾಗ ಬಾಗಲು ಜಾಗ ಸಿಗುತ್ತದೆ, ಗುಂಡಿಗೆ ಬಿದ್ದಾಗ ರಿಮ್ಮು ಸೊಟ್ಟಗಾಗುವುದು ಕಡಿಮೆ. ಎ/ಟಿ ಟೈರುಗಳೂ 17ರಲ್ಲಿ ಜಾಸ್ತಿ ಸಿಗುತ್ತವೆ. ಎರಡೂ ಗಾಡಿಗಳಿಗೆ ಕಂಪನಿಯೇ 17 ಇಂಚಿನ ರಿಮ್ಮು ಕೊಟ್ಟಿದೆ. ಯಾರಾದರೂ ಮಾರುತ್ತಿರುವ ಕಂಪನಿ ರಿಮ್ಮು ಹುಡುಕಿ, ಹೊಸ ಫ್ಯಾನ್ಸಿ ರಿಮ್ಮಿಗಿಂತ ಅದೇ ಮೇಲು.

## ತೂಕ

10 ಪ್ಲೈ ಟೈರೇ ಬೇಕು ಅಂತಾರೆ ಎಲ್ಲರೂ. ನಿಜಾನಾ?

ನನ್ನ ಎರಡನೇ ಸೆಟ್ಟಿನ ಕಥೆ ಇದೇ. ಅಂಗಡಿಯವರು ಟೈರಿಗೆ ಗುದ್ದಿ ತೋರಿಸಿ, 'ಸಾರ್, ಹತ್ತು ಪ್ಲೈ, ಕಲ್ಲಿಗೂ ಜಗ್ಗಲ್ಲ' ಅಂದರು. ನಾನೂ ಗುದ್ದಿ ನೋಡಿದೆ. ತೆಗೆದುಕೊಂಡೆ. ಮಂಗಳೂರಿನಿಂದ ಹೊರಟು ಶಿರಾಡಿ ಘಾಟಿ ಹತ್ತುವಾಗಲೇ ತಪ್ಪು ಗೊತ್ತಾಯಿತು. ಖಾಲಿ ಗಾಡಿಯ ಹಿಂಭಾಗ ಪ್ರತಿ ಗುಂಡಿಗೂ ಕುಪ್ಪಳಿಸುತ್ತಿತ್ತು. ಮಾರನಹಳ್ಳಿ ದಾಟುವಷ್ಟರಲ್ಲಿ ಹಿಂದೆ ಕೂತಿದ್ದ ಅಮ್ಮ ಮಾತು ಬಿಟ್ಟಿದ್ದರು.

ಮೊದಲನೆಯ ಮಾತು, 10 ಪ್ಲೈ ಅಂದರೆ ಹತ್ತು ಪದರ ಇದೆ ಅಂತಲ್ಲ. ಹಿಂದೆ ಹತ್ತಿಯ ಪದರಗಳಿದ್ದಾಗ ಹತ್ತು ಪದರ ಹೊರುತ್ತಿದ್ದಷ್ಟು ಭಾರಕ್ಕೆ ಈಗಿನ ಟೈರು ಸಮ ಅಂತ. ಈಗ ಅದನ್ನು ಅಕ್ಷರದಲ್ಲಿ ಹೇಳುತ್ತಾರೆ. ಎಲ್‌ಟಿ, ಅಂದರೆ ಲೈಟ್ ಟ್ರಕ್ ಟೈರುಗಳಲ್ಲಿ ಲೋಡ್ ರೇಂಜ್ ಸಿ ಅಂದರೆ 6 ಪ್ಲೈ, ಡಿ ಅಂದರೆ 8, ಇ ಅಂದರೆ 10. ತುಂಬಬಹುದಾದ ಗರಿಷ್ಠ ಗಾಳಿ ಸಾಮಾನ್ಯವಾಗಿ ಕ್ರಮವಾಗಿ 50, 65, 80 ಪಿಎಸ್‌ಐ.

ಎರಡನೆಯದು, ಲೆಕ್ಕ. ಬಿಎಫ್‌ಗುಡ್ರಿಚ್ ಕೆಒ2 ಟೈರನ್ನೇ ತೆಗೆದುಕೊಳ್ಳಿ. 265/70 ಆರ್17 ಅಳತೆಯಲ್ಲೇ ಸಿ ಕೂಡ ಇದೆ, ಇ ಕೂಡ ಇದೆ. ಸಿ ಮೇಲೆ 112/109 ಅಂತ ಇರುತ್ತದೆ, ಇ ಮೇಲೆ 121/118. ಇದು ಲೋಡ್ ಇಂಡೆಕ್ಸ್. 112 ಅಂದರೆ ಒಂದು ಟೈರು 1,120 ಕಿಲೊ ಹೊರುತ್ತದೆ, 121 ಅಂದರೆ 1,450 ಕಿಲೊ. ಎರಡನೇ ಸಂಖ್ಯೆ ಒಂದೇ ಕಡೆ ಜೋಡಿ ಚಕ್ರ ಇರುವ ಲಾರಿಗಳಿಗೆ, ಅದನ್ನು ಬಿಟ್ಟುಬಿಡಿ. ಸಿ ಟೈರು ನಾಲ್ಕು ಸೇರಿ 4,480 ಕಿಲೊ ಆಯಿತು. ನಮ್ಮ ಗಾಡಿ ಲೋಡು ಸೇರಿಯೂ ಮೂರು ಟನ್ ಆಸುಪಾಸು. ಹಿಂದಿನ ಆಕ್ಸಲಿಗೆ ಜಾಸ್ತಿ ಭಾರ ಬೀಳುತ್ತದೆ ಎಂದು ಹಿಡಿದರೂ ಸಿ ಧಾರಾಳ ಸಾಕು. ಇ ಇರುವುದು ಅಮೆರಿಕದ ಮುಕ್ಕಾಲು ಟನ್, ಒಂದು ಟನ್ ವರ್ಗದ ದೈತ್ಯ ಟ್ರಕ್ಕುಗಳಿಗೆ. ದಿನಾ ಸಿಮೆಂಟು, ಜಲ್ಲಿ ಹೊರುವವರು, ಚೂಪು ಕಲ್ಲಿನ ಕ್ವಾರಿ ರಸ್ತೆಯವರು ಇ ತೆಗೆದುಕೊಳ್ಳಲಿ. ತೋಟಕ್ಕೆ ನಾಲ್ಕು ಮೂಟೆ ಗೊಬ್ಬರ ಒಯ್ಯುವವರಿಗೆ ಸುಮ್ನೆ ಭಾರ.

ಎಲ್‌ಟಿ ಅಂತ ಇಲ್ಲದ ಟೈರು ಪಿಕಪ್‌ಗೆ ಆಗಲ್ವಾ?

ಆಗುತ್ತದೆ. ಕಂಪನಿಯವರು ಕೊಟ್ಟಿದ್ದೂ ಸಾಮಾನ್ಯವಾಗಿ ಅಂಥದ್ದೇ. 265/70 ಆರ್17 ಸಾದಾ ಟೈರಿನ ಮೇಲೆ 115 ಅಂತ ಇರುತ್ತದೆ, ಅಂದರೆ 1,215 ಕಿಲೊ. ನೋಡಿದರೆ ಎಲ್‌ಟಿ ಸಿಗಿಂತಲೂ ಜಾಸ್ತಿ! ಆದರೆ ಇದು ಕಾರಿನ ಲೆಕ್ಕ. ಇಂಥ ಟೈರನ್ನು ಟ್ರಕ್ಕಿಗೆ ಹಾಕಿದಾಗ 1.1ರಿಂದ ಭಾಗಿಸಬೇಕೆನ್ನುವುದು ಅಮೆರಿಕದಲ್ಲಿ ರೂಢಿಯಲ್ಲಿರುವ ನಿಯಮ. ಭಾಗಿಸಿದರೆ ಸುಮಾರು 1,105. ಸಿಯ ಹತ್ತಿರ ಹತ್ತಿರ ಬಂತು. ಹೊರುವ ಶಕ್ತಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಕಲ್ಲು, ಕೊಂಬೆ ಚುಚ್ಚಿದಾಗ ತಡೆದುಕೊಳ್ಳುವುದರಲ್ಲಿ, ಮತ್ತೆ ತೂಕದಲ್ಲಿ.

ಟೈರಿನ ತೂಕ ಎಲ್ಲಿ ನೋಡೋದು? ಪಕ್ಕದಲ್ಲಿ ಬರೆದಿಲ್ವಲ್ಲ.

ಬರೆದಿರುವುದಿಲ್ಲ. ಕೆಲವು ಕಂಪನಿಗಳ ಅಮೆರಿಕದ, ಆಸ್ಟ್ರೇಲಿಯಾದ ಕ್ಯಾಟಲಾಗಿನಲ್ಲಿ ಇರುತ್ತದೆ. ನೋಡುವಾಗ ಅಳತೆಯ ಜೊತೆ ಲೋಡ್ ರೇಂಜನ್ನೂ ಹೊಂದಿಸಿಕೊಳ್ಳಿ. ಒಂದೇ ಹೆಸರು, ಒಂದೇ ಅಳತೆ, ಆದರೂ ತೂಕ ಬೇರೆ ಇರುತ್ತದೆ.

ನಮ್ಮ ಮನೆಯಲ್ಲಿ ಕಾಫಿ ಮೂಟೆ ತೂಗುವ ತಕ್ಕಡಿ ಇದೆ. ಬಿಚ್ಚಿದ ಟೈರುಗಳನ್ನೆಲ್ಲ ಅದರ ಮೇಲೆ ಇಟ್ಟು ನೋಡಿದೆ. ಸವೆದ ಕಂಪನಿ ಟೈರು 14 ಕಿಲೊ ಚಿಲ್ಲರೆ. ಆ 10 ಪ್ಲೈ 23. ಈಗಿರುವ ಸಾದಾ ಲೋಡಿನ ಎ/ಟಿ 18. ಬೇರೆಯವರ ಟೈರುಗಳ ಅಂಕಿ ನೋಡಿದರೂ 265/70 ಆರ್17 ಅಳತೆಯಲ್ಲಿ ಸಾದಾ ಎ/ಟಿ 17ರಿಂದ 19, ಎಲ್‌ಟಿ ಸಿ 20ರ ಆಸುಪಾಸು, ಎಲ್‌ಟಿ ಇ 21ರಿಂದ 25 ಕಿಲೊ. ಅಂಗಡಿಯಲ್ಲಿ ಬಾತ್‌ರೂಮ್ ತಕ್ಕಡಿ ಹಿಡಿದುಕೊಂಡು ಹೋದರೆ ನಗುತ್ತಾರೆ. ನಗಲಿ ಬಿಡಿ.

ಟೈರಿನ ಒಂದು ಕಿಲೊ, ಗಾಡಿ ಮೇಲಿನ ಹತ್ತು ಕಿಲೊಗೆ ಸಮ ಅಂತಾರಲ್ಲ?

ಇದೊಂದು ದೊಡ್ಡ ಪುಕಾರು. ಹತ್ತು ಅಲ್ಲ, ಅಬ್ಬಬ್ಬಾ ಅಂದರೆ ಎರಡು.

ಉರುಳುವ ಚಕ್ರದ ತೀರ ಹೊರ ಅಂಚಿನಲ್ಲಿರುವ ತೂಕ ಎರಡು ಕೆಲಸ ಮಾಡಬೇಕು. ಗಾಡಿಯ ಜೊತೆ ಮುಂದೆ ಹೋಗಬೇಕು, ತಾನೂ ಸುತ್ತಬೇಕು. ಎರಡಕ್ಕೂ ಅಷ್ಟಷ್ಟೇ ಶಕ್ತಿ ಬೇಕು. ಹಾಗಾಗಿ ವೇಗ ಏರಿಸುವಾಗ, ಬ್ರೇಕು ಹಿಡಿಯುವಾಗ ಒಂದು ಕಿಲೊ ಎರಡು ಕಿಲೊದ ಹಾಗೆ ನಡೆದುಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ಆಗಲು ಸಾಧ್ಯವಿಲ್ಲ. ಟೈರಿಗೆ 8 ಕಿಲೊ ಜಾಸ್ತಿಯಾದರೆ ನಾಲ್ಕಕ್ಕೆ 32, ಅದು 64 ಕಿಲೊ ಅನ್ನಿಸುತ್ತದೆ. ನೆಂಟರೊಬ್ಬರನ್ನು ಹತ್ತಿಸಿಕೊಂಡ ಹಾಗೆ. ಎರಡು ಟನ್ ಗಾಡಿಗೆ ಅದೇನು ದೊಡ್ಡ ಮಾತಲ್ಲ.

ಹಾಗಾದರೆ ತೂಕದ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಕಾರಣ ಸ್ಪ್ರಿಂಗಿನ ಕೆಳಗಿದೆ. ಚಕ್ರ ಗುಂಡಿಗೆ ಇಳಿದು ಮೇಲೆ ಬರುವಾಗ ಅದನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರು. 14 ಕಿಲೊ ಟೈರಿಗೆಂದು ಮಾಡಿದ ಶಾಕಿಗೆ 23 ಕಿಲೊ ಕೊಟ್ಟರೆ ಅದು ಹಿಡಿಯಲಾರದೆ ಸೋಲುತ್ತದೆ. ಚಕ್ರ ನೆಲ ಬಿಟ್ಟು ಕುಣಿಯುತ್ತದೆ. ನೆಲ ಬಿಟ್ಟ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು? ಶಿರಾಡಿಯಲ್ಲಿ ಅಮ್ಮನ ಮಾತು ನಿಲ್ಲಿಸಿದ್ದು ಇದೇ. ಇನ್ನೊಂದು ಸಣ್ಣ ಕಾರಣವೂ ಇದೆ. ಮಳೆಯಲ್ಲಿ, ಇಳಿಜಾರಿನಲ್ಲಿ, ರಿಮ್ಮು ಸೇರಿ 35 ಕಿಲೊ ಚಕ್ರವನ್ನು ಒಬ್ಬರೇ ಎತ್ತಿ ಬೋಲ್ಟಿಗೆ ಕೂರಿಸಿ ನೋಡಿ, ಗೊತ್ತಾಗುತ್ತದೆ.

ಹಗುರ ಟೈರು ಬೇಗ ಹರಿಯಲ್ವಾ?

ಪಕ್ಕದ ಗೋಡೆ ಸ್ವಲ್ಪ ತೆಳುವಾಗಿರುವುದು ನಿಜ. ತೋಟದಲ್ಲಿ ಟೈರಿನ ದೊಡ್ಡ ಶತ್ರು ಕಲ್ಲಲ್ಲ, ಕಪಾತು ಮಾಡಿದ ಗಿಡದ ಮೊಳಕೈ ಉದ್ದದ ಕೂಳೆ ಮತ್ತು ಸೀಳಿದ ಬೇಲಿಗೂಟ. ಅದು ಪಕ್ಕದಿಂದ ಚುಚ್ಚಿದರೆ 10 ಪ್ಲೈ ಕೂಡ ಉಳಿಯುವ ಭರವಸೆಯಿಲ್ಲ. ದಾರಿ ಬದಿಯ ಕೂಳೆಗಳನ್ನು ನೆಲಮಟ್ಟಕ್ಕೆ ಕಡಿಸಿದ್ದು ನನಗೆ ಟೈರು ಬದಲಾಯಿಸಿದ್ದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು.

ಮೈಲೇಜು ಎಷ್ಟು ಬೀಳತ್ತೆ?

ಬೀಳುತ್ತದೆ, ಆದರೆ ಮೀಟರು ತೋರಿಸುವಷ್ಟಲ್ಲ. ದೊಡ್ಡ ಟೈರು ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ. ಮೀಟರಿಗೆ ಅದು ಗೊತ್ತಿಲ್ಲ. ನನ್ನ ಗಾಡಿ ಮೊದಲು ಲೀಟರಿಗೆ 12.5 ಕೊಡುತ್ತಿತ್ತು. 10 ಪ್ಲೈ ಹಾಕಿದ ಮೇಲೆ 11ಕ್ಕೆ ಇಳಿಯಿತು ಅಂತ ಎದೆ ಬಡಿದುಕೊಂಡೆ. ಅವುಗಳ ಅಳತೆಯೂ ಈಗಿನದ್ದೇ ಆಗಿತ್ತು. ಶೇ. 5.2 ಸೇರಿಸಿದರೆ ನಿಜವಾದ ಲೆಕ್ಕ 11.6. ಈಗಿನ ಹಗುರ ಟೈರಿನಲ್ಲಿ ತಿದ್ದಿದ ಲೆಕ್ಕ 12ರ ಹತ್ತಿರ ನಿಂತಿದೆ.

## ಕೊಳ್ಳುವಾಗ

ಆರ್‌ಟಿಒ ಹಿಡೀತಾರಾ? ಇನ್ಶೂರೆನ್ಸ್ ಸಿಗತ್ತಾ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಕಂಪನಿ ಹೇಳಿದ್ದಕ್ಕಿಂತ ಬೇರೆ ರೀತಿ ಬದಲಾಯಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಇದನ್ನು ಇನ್ನೂ ಬಿಗಿಯಾಗಿ ಹೇಳಿತು. ನಿಮ್ಮ ಗಾಡಿಯ ಯಾವುದಾದರೂ ಮಾದರಿಗೆ ಕಂಪನಿಯೇ ಕೊಟ್ಟಿರುವ ಅಳತೆಯಾದರೆ ವಾದಕ್ಕೆ ಒಂದು ಆಧಾರ ಇರುತ್ತದೆ. ಅದನ್ನು ಮೀರುವವರು ಇನ್ಶೂರೆನ್ಸ್‌ನವರಿಗೆ ಮೊದಲೇ ಇಮೇಲ್ ಬರೆದು ಉತ್ತರ ಇಟ್ಟುಕೊಳ್ಳಿ. ಬಾಯಿ ಮಾತು ಬೇಡ. ಟೈರು ಮಡ್‌ಗಾರ್ಡಿನಿಂದ ಹೊರಗೆ ಚಾಚಿಕೊಂಡಿದ್ದರೆ ಪೊಲೀಸರ ಕಣ್ಣಿಗೆ ಬೀಳುವುದಂತೂ ಖಂಡಿತ.

ವಿದೇಶದ ಟೈರುಗಳು ಯಾಕೆ ಸಿಗಲ್ಲ? ಸಿಕ್ಕರೂ ಯಾಕಷ್ಟು ರೇಟು?

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದಿಗೆ ಲೈಸೆನ್ಸ್ ಬೇಕು ಎಂದಿತು. ಅದಕ್ಕೂ ಮೊದಲಿನಿಂದ ಟೈರುಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಹಾಗಾಗಿ ಪಟ್ಟಿಯಲ್ಲಿ ನೂರು ಇದ್ದರೂ ಅಂಗಡಿಯಲ್ಲಿ ಸಿಗುವುದು ಹತ್ತು. ಐಎಸ್‌ಐ ಇಲ್ಲದ ಟೈರನ್ನು 'ಬ್ಯಾಗಲ್ಲಿ ಬಂದಿದ್ದು' ಅಂತ ಮಾರುವವರಿದ್ದಾರೆ. ಅದರ ಹತ್ತಿರ ಹೋಗಬೇಡಿ, ವಾರಂಟಿಗೆ ಹೋದರೆ ಯಾರೂ ಮಾತಾಡಿಸುವುದಿಲ್ಲ.

ಸುಲಭವಾಗಿ ಸಿಗುವವುಗಳಲ್ಲಿ ಯೊಕೊಹಾಮಾ ಜಿಯೋಲ್ಯಾಂಡರ್ ಎ/ಟಿ, ಅಪೊಲೊ ಆಪ್ಟೆರ್ರಾ ಎ/ಟಿ ನೋಡಿ. ಹೆಸರಿಗಿಂತ ನಿಮ್ಮ ಅಳತೆಯಲ್ಲಿ ಯಾವ ಲೋಡ್ ರೇಂಜ್ ಇದೆ ಅನ್ನುವುದನ್ನು ಮೊದಲು ಕೇಳಿ.

ಅಂಗಡೀಲಿ ಏನು ನೋಡಬೇಕು?

ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2324 ಅಂದರೆ 2024ನೇ ಇಸವಿಯ 23ನೇ ವಾರದಲ್ಲಿ ಮಾಡಿದ್ದು. ಎರಡು ವರ್ಷಕ್ಕಿಂತ ಹಳೆಯದಾದರೆ ಬೇರೆ ಕೇಳಿ, ಇಲ್ಲವೇ ರೇಟು ಇಳಿಸಿ. ಐದಕ್ಕೂ ತಾರೀಖು ನೋಡಿ, ಒಂದನ್ನು ಹಳೇದು ಸೇರಿಸಿರುತ್ತಾರೆ.

ಸವೆದ ಟೈರಿಗೆ ಹೊಸ ರಬ್ಬರು ಅಂಟಿಸಿದ ರೀಟ್ರೆಡ್ ಹಾಕಿಸಲಾ?

ಟ್ರೇಲರಿಗೆ ಹಾಕಿ. ಘಾಟಿ ಇಳಿಯುವ ಗಾಡಿಗೆ ಬೇಡ.

## ಓಡಿಸುವಾಗ

ಹೊಸ ಟೈರಿಗೆ ಗಾಳಿ ಎಷ್ಟು ಹಾಕಲಿ?

ಟೈರಿನ ಮೇಲೆ ಬರೆದಿರುವುದು ಗರಿಷ್ಠ ಗಾಳಿ, ಹಾಕಬೇಕಾದ ಗಾಳಿಯಲ್ಲ. ಈ ಒಂದು ತಪ್ಪು ತುಂಬ ಸಲ ನೋಡಿದ್ದೇನೆ. ನನ್ನ 10 ಪ್ಲೈ ಟೈರಿಗೂ ಅಂಗಡಿಯ ಹುಡುಗ 50 ತುಂಬಿ ಕಳಿಸಿದ್ದ. ಆ ದಿನದ ಕುಪ್ಪಳಿಕೆಯಲ್ಲಿ ಅರ್ಧ ಪಾಲು ಅದರದ್ದೇ.

ಸಾದಾ ಟೈರಾದರೆ ಬಾಗಿಲ ಕಂಬದ ಸ್ಟಿಕರಿನ ಅಂಕಿಯಿಂದ ಶುರು ಮಾಡಿ. ಎಲ್‌ಟಿ ಸಿ ಆದರೆ ಅದಕ್ಕೆ 4ರಿಂದ 6 ಪಿಎಸ್‌ಐ ಸೇರಿಸಿ. ಅದೇ ಭಾರ ಹೊರಲು ಎಲ್‌ಟಿಗೆ ಗಾಳಿ ಸ್ವಲ್ಪ ಜಾಸ್ತಿ ಬೇಕು. ಆಮೇಲೆ ಬಳಪದ ಪರೀಕ್ಷೆ ಮಾಡಿ.

ನಾನು ಮಾಡಿದ್ದು ಕಾಫಿ ಒಣಗಿಸುವ ಕಣದಲ್ಲಿ. ಸಿಮೆಂಟು ನೆಲ, ಮಟ್ಟಸ, ಅದಕ್ಕಿಂತ ಒಳ್ಳೇ ಜಾಗ ಬೇಕಾ? ಬೆಳಿಗ್ಗೆ ಟೈರು ತಣ್ಣಗಿದ್ದಾಗ ಮಗಳ ಬಳಪ ತೆಗೆದುಕೊಂಡು ಟೈರಿನ ಅಗಲಕ್ಕೂ ಒಂದು ದಪ್ಪ ಗೆರೆ ಎಳೆದೆ. ಗಾಡಿಯನ್ನು ನೇರವಾಗಿ ಹತ್ತು ಮೀಟರು ಓಡಿಸಿ ಇಳಿದು ನೋಡಿದೆ. ಮುಂದಿನ ಟೈರಿನ ಗೆರೆ ಒಂದೇ ಸಮ ಅಳಿಸಿತ್ತು. ಹಿಂದಿನದ್ದರಲ್ಲಿ ನಡುವೆ ಮಾತ್ರ ಅಳಿಸಿ ಎರಡೂ ಅಂಚಿನಲ್ಲಿ ಬಿಳಿ ಹಾಗೇ ಉಳಿದಿತ್ತು. ಅಂದರೆ ಗಾಳಿ ಜಾಸ್ತಿ. ಎರಡು ಎರಡು ಪಿಎಸ್‌ಐ ಇಳಿಸುತ್ತಾ ಮತ್ತೆ ಗೆರೆ ಎಳೆದೆ. ಖಾಲಿ ಪಿಕಪ್‌ನ ಹಿಂಭಾಗ ಹಗುರ, ಇಂಜಿನ್ನಿನ ಭಾರವೆಲ್ಲ ಮುಂದೆ. ಹಾಗಾಗಿ ಖಾಲಿ ಇದ್ದಾಗ ನನ್ನ ಗಾಡಿಗೆ ಮುಂದೆ 32, ಹಿಂದೆ 29 ಸರಿಬಂತು. ಲೋಡು ಹಾಕಿದ ದಿನ ಹಿಂದೆ 38. ನಿಮ್ಮ ಅಂಕಿ ನಿಮ್ಮ ಬಳಪ ಹೇಳುತ್ತದೆ. ಸ್ಟಿಕರಿಗಿಂತ ತೀರ ಕೆಳಗೆ ಹೋಗುವುದು ಬೇಡ, ಹೆದ್ದಾರಿ ವೇಗದಲ್ಲಿ ಟೈರು ಬಿಸಿಯಾಗುತ್ತದೆ.

ಕೆಸರಲ್ಲಿ ಗಾಳಿ ಎಷ್ಟು ಇಳಿಸಬೇಕು?

ಕಚ್ಚಾ ದಾರಿಯಲ್ಲಿ 22ರಿಂದ 25. ಮರಳಿನಲ್ಲಿ 15ರಿಂದ 18. ಗಾಳಿ ಇಳಿದಾಗ ಟೈರಿನ ಪಾದ ಉದ್ದಕ್ಕೆ ಬೆಳೆಯುತ್ತದೆ. ಅಗಲದ ಟೈರು ಕೊಳ್ಳದೆಯೇ ಸಿಗುವ ಹಿಡಿತ ಇದು. ವೇಗ 30 ದಾಟಬೇಡಿ, ಸ್ಟೇರಿಂಗ್ ಗಕ್ಕನೆ ತಿರುಗಿಸಬೇಡಿ, ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಟಾರಿಗೆ ಬಂದ ತಕ್ಷಣ ತುಂಬಿ. ಸಿಗರೇಟ್ ಸಾಕೆಟ್ಟಿನ ಪುಟ್ಟ ಕಂಪ್ರೆಸರು ಇಷ್ಟು ದೊಡ್ಡ ಟೈರಿಗೆ ಕೆಮ್ಮುತ್ತದೆ. ಬ್ಯಾಟರಿಗೆ ನೇರ ಕಚ್ಚುವಂಥದ್ದು ತೆಗೆದುಕೊಳ್ಳಿ.

ಸ್ಟೆಪ್ನಿನೂ ದೊಡ್ಡದೇ ಬೇಕಾ?

ಬೇಕು. ಎರಡೂ ಗಾಡಿಗಳಲ್ಲಿ ಬೇಕಾದಾಗ ಮಾತ್ರ ಸೇರುವ ಫೋರ್‌ವೀಲ್ ಇದೆ. ಫೋರ್‌ವೀಲ್ ಹಾಕಿದಾಗ ಮುಂದೆ ಹಿಂದೆ ಒಂದೇ ವೇಗದಲ್ಲಿ ತಿರುಗಬೇಕು. ಒಂದು ಚಕ್ರ ಚಿಕ್ಕದಿದ್ದರೆ ಗೇರುಗಳೆಲ್ಲ ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ. ಚಿಕ್ಕ ಸ್ಟೆಪ್ನಿ ಹಾಕಲೇಬೇಕಾಗಿ ಬಂದರೆ ಟೂವೀಲಿನಲ್ಲೇ ನಿಧಾನಕ್ಕೆ ಮನೆ ಸೇರಿ. ಹಿಂದಿನ ಡಿಫರೆನ್ಶಿಯಲ್ಲು ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್) ಆಗಿದ್ದರೆ ಆ ಚಿಕ್ಕ ಸ್ಟೆಪ್ನಿಯನ್ನು ಮುಂದೆ ಹಾಕಿ.

ದೊಡ್ಡ ಸ್ಟೆಪ್ನಿ ಡೆಕ್ಕಿನ ಕೆಳಗಿನ ಜಾಗದಲ್ಲಿ ಕೂರುತ್ತದಾ ಅಂತ ಮೊದಲೇ ನೋಡಿ. 265/70 ತುರುಕಿದರೆ ಕೂರುತ್ತದೆ, ಗಾಳಿ ಸ್ವಲ್ಪ ತೆಗೆಯಬೇಕಾಗಬಹುದು. ಐದನ್ನೂ 8,000ದಿಂದ 10,000 ಕಿ.ಮೀ.ಗೊಮ್ಮೆ ಜಾಗ ಬದಲಾಯಿಸಿ ಹಾಕಿಸಿದರೆ ಸ್ಟೆಪ್ನಿ ಸುಮ್ನೆ ಕೊಳೆಯುವುದಿಲ್ಲ.

## ಇನ್ನೂ ಸ್ವಲ್ಪ ಒಳಗೆ

ಗಾಡಿ ಚುರುಕು ಕಡಿಮೆ ಆಯ್ತು, ಏರಲ್ಲಿ ಎಳೆಯಲ್ಲ. ಟೈರಿನ ತೂಕದಿಂದಾನಾ?

ಜಾಸ್ತಿ ಪಾಲು ಎತ್ತರದಿಂದ. ಶೇ. 5 ದೊಡ್ಡ ಟೈರು ಅಂದರೆ ಎಲ್ಲ ಗೇರುಗಳೂ ಶೇ. 5 ಉದ್ದವಾದ ಹಾಗೆ. ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಒಂದನೆಯದು ಬೇಕು. ಕ್ಲಚ್ಚನ್ನು ಅರ್ಧ ಒತ್ತಿ ಎಳೆಯಬೇಡಿ, ಫೋರ್‌ವೀಲಿನ ನಿಧಾನದ ಗೇರು, ಲೋ ರೇಂಜ್, ಇರುವುದೇ ಅದಕ್ಕೆ. ಬ್ರೇಕಿನ ಹಿಡಿತವೂ ಅಷ್ಟೇ ಶೇಕಡಾ ಸಡಿಲವಾಗುತ್ತದೆ, ಇಳಿಜಾರಿನಲ್ಲಿ ಅದು ನೆನಪಿರಲಿ. ಮೀಟರು 95 ತೋರಿಸಿದಾಗ ಗಾಡಿ ನಿಜವಾಗಿ 100ರ ಹತ್ತಿರ ಇರಬಹುದು.

ರಿಮ್ಮು ಹೊರಗೆ ಬರೋ ಹಾಗೆ ಅದರ ಹಿಂದೆ ಸ್ಪೇಸರ್ ಬಿಲ್ಲೆ ಹಾಕಲಾ? ನೋಡೋಕೆ ಚೆನ್ನಾಗಿರತ್ತೆ.

ಬೇಡ. ಚಕ್ರ ಹೊರಗೆ ಹೋದಷ್ಟೂ ಸ್ಟೇರಿಂಗ್ ತಿರುಗಿಸಿದಾಗ ಅದು ಸುತ್ತುವ ವೃತ್ತ ದೊಡ್ಡದಾಗುತ್ತದೆ. ಮೊದಲು ಉಜ್ಜದ ಟೈರು ಈಗ ಬಂಪರಿಗೆ ಉಜ್ಜುತ್ತದೆ. ಬೇರಿಂಗಿಗೆ ಭಾರ ಜಾಸ್ತಿ, ಕೆಸರೆಲ್ಲ ಬಾಗಿಲಿಗೆ. ಎರಡೂ ಗಾಡಿಗೆ ಆರು ಬೋಲ್ಟು, ಬೋಲ್ಟುಗಳು ಕೂರುವ ವೃತ್ತದ ಅಡ್ಡಳತೆಯೂ ಒಂದೇ, 139.7 ಮಿ.ಮೀ. ಆದರೆ ನಡುವಿನ ತೂತು ಬೇರೆ, ಇದರದ್ದನ್ನು ಅದಕ್ಕೆ ಹಾಕುವಾಗ ನೋಡಿಕೊಳ್ಳಿ. ಯಾವ ರಿಮ್ಮಾದರೂ ಸರಿ, ಹಾಕಿಸಿದ 50ರಿಂದ 100 ಕಿ.ಮೀ. ಒಳಗೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.

ಲಿಫ್ಟ್ ಮಾಡಿಸಿ 285 ಹಾಕೋ ಪ್ಲಾನು. ಏನಂತೀರಿ?

285/70 ಆರ್17 ಅಂದರೆ 831 ಮಿ.ಮೀ. ವಿ-ಕ್ರಾಸ್‌ನ ಕಂಪನಿ ಟೈರಿಗಿಂತ ಶೇ. 9 ಜಾಸ್ತಿ. ಲಿಫ್ಟ್, ಕತ್ತರಿಸುವುದು, ಅಲೈನ್‌ಮೆಂಟಿಗೆ ಸಸ್ಪೆನ್ಷನ್ನಿನ ಹೊಸ ಕೈಗಳು (ಕಂಟ್ರೋಲ್ ಆರ್ಮ್), ಮುಂದಿನ ಆಕ್ಸಲ್ ಜಾಯಿಂಟುಗಳಿಗೆ ಸೊಟ್ಟ ಕೋನ, ಕೊನೆಗೆ ಗೇರಿಂಗ್ ಕೊರತೆ. ಹೈಲಕ್ಸ್‌ನ 2.8 ಲೀಟರ್ ಇಂಜಿನ್ನು ಹೇಗೋ ಎಳೆಯುತ್ತದೆ. ವಿ-ಕ್ರಾಸ್‌ನ 1.9ಕ್ಕೆ ಪಾಪ ಅನ್ನಿಸುತ್ತದೆ. ಆಸೆ ತಡೆಯಲಾಗದಿದ್ದರೆ ಸಿ ರೇಂಜಿನದ್ದನ್ನಾದರೂ ಹುಡುಕಿ.

ನನ್ನ ತಮ್ಮ ಅಮೆರಿಕದಲ್ಲಿದ್ದಾನೆ, ಟೊಯೊಟಾ ಟಕೋಮಾ ಪಿಕಪ್ ತಗೊಂಡಿದಾನೆ. ಅವನಿಗೂ ಇದೇ ಲೆಕ್ಕಾನಾ?

ಲೆಕ್ಕ ಅದೇ, ಅಂಗಡಿ ದೊಡ್ಡದು. ಅಲ್ಲಿ 255/75, 255/80 ಥರದ ಸಣಕಲು ಅಳತೆಗಳು, ಸಿ ರೇಂಜು ಎಲ್ಲ ಆರಾಮಾಗಿ ಸಿಗುತ್ತವೆ, ತೂಕವನ್ನು ಪೌಂಡಿನಲ್ಲಿ ಬರೆದೇ ಇಟ್ಟಿರುತ್ತಾರೆ. ಹಿಮ ಬೀಳುವ ಊರಾದರೆ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವಿನ ಗುರುತು ಇರುವ ಎ/ಟಿ ನೋಡಲಿ. ಮತ್ತೆ ಊರಿಗೆ ಬರುವಾಗ ಒಂದು ಒಳ್ಳೇ ಗಾಳಿ ಗೇಜು ತರಲಿಕ್ಕೆ ಹೇಳಿ. ಸೂಟ್‌ಕೇಸಲ್ಲಿ ಹಿಡಿಯುವುದು ಅದೊಂದೇ.